ಇಡೀ ದಿನ ಒಬ್ಬರನ್ನೇ ನೋಡಿ

ಗದಗ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕ. ನಮ್ಮ ಮಕ್ಕಳು ಒಲಿಂಪಿಕ್ಸ್ ಅನ್ನು ಮೊಬೈಲಿನಲ್ಲಿ ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಅಷ್ಟೇ. ಈ ಮಕ್ಕಳಿಗೆ ನೀರಜ್ ಚೋಪ್ರಾ ಬಹಳ ದೂರದವರು. ಕಾಲೇಜಿನ ಅಕ್ಕ, ಅಣ್ಣಂದಿರು ಹಾಗಲ್ಲ. ಇನ್ನು ನಾಲ್ಕೈದು ವರ್ಷಕ್ಕೆ ನಾನೂ ಅಲ್ಲಿರಬಹುದು ಅಂತ ಅನ್ನಿಸುತ್ತದೆ. ಅದಕ್ಕೇ ಧಾರವಾಡದಲ್ಲಿ ಅಂತರ ಕಾಲೇಜು ಅಥ್ಲೆಟಿಕ್ ಕೂಟ ನಡೆದಾಗ ಕರೆದುಕೊಂಡು ಹೋಗುತ್ತೇನೆ.

ಮೊದಲ ಸಲ ತಪ್ಪು ಮಾಡಿದೆ. 30 ಮಕ್ಕಳನ್ನು ಒಯ್ದು ಮಧ್ಯಾಹ್ನದ ಫೈನಲ್‌ಗಳನ್ನಷ್ಟೇ ತೋರಿಸಿದೆ. ಮರುದಿನ ಕೇಳಿದರೆ ಯಾರು ಗೆದ್ದರು ಅನ್ನುವುದು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಮುಂದಿನ ವರ್ಷ 12 ಮಕ್ಕಳು ಸಾಕು ಅಂದುಕೊಂಡೆ. ಪಾಲಕರ ಒಪ್ಪಿಗೆ ಪತ್ರ ತಗೊಂಡೆ. ಹುಡುಗಿಯರ ಜೊತೆ ಒಬ್ಬರ ತಾಯಿಯೂ ಬಂದರು. ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಿಗೆ ಬಸ್ ಖರ್ಚಿಲ್ಲ. ಹುಬ್ಬಳ್ಳಿ-ಧಾರವಾಡ ನಡುವಿನ ಎಸಿ ಚಿಗರಿ ಬಸ್ಸಿಗೆ ಆ ಯೋಜನೆ ಇಲ್ಲ, ಅದಕ್ಕೇ ಹುಬ್ಬಳ್ಳಿಯಲ್ಲಿ ಅದನ್ನು ಬಿಟ್ಟು ಸಾದಾ ಬಸ್ಸಿಗೇ ಕಾದೆವು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ.

ಬೆಳಿಗ್ಗೆ ಸ್ಪರ್ಧೆ ಶುರುವಾಗುವ ಮೊದಲೇ ಮೈದಾನ ಸೇರಿದೆವು. ಒಂದೇ ಕೆಲಸ ಕೊಟ್ಟೆ: ಪ್ರತಿಯೊಬ್ಬರೂ ಒಬ್ಬ ಆಟಗಾರರನ್ನು ಆರಿಸಿಕೊಳ್ಳಿ, ವಾರ್ಮ್‌ಅಪ್‌ನಿಂದ ಬ್ಯಾಗ್ ಕಟ್ಟುವವರೆಗೆ ಅವರನ್ನೇ ನೋಡಿ. ಗೆದ್ದರೂ ಸೋತರೂ ಬಿಡಬೇಡಿ.

ಪ್ರಶ್ನೆಗಳು ಆಗ ಶುರುವಾದವು. 400 ಮೀಟರ್ ಓಟಕ್ಕೆ ಎಲ್ಲರೂ ನಿಂತಾಗ ಒಬ್ಬ ಹುಡುಗ ಕೇಳಿದ, "ಸರ, ಆ ಕಡೀ ಲೇನಿನವ ಅಷ್ಟು ಮುಂದ ನಿಂತಾನಲ್ರೀ, ಮೋಸ ಅಲ್ಲೇನ್ರೀ?" ಹೊರಗಿನ ಲೇನಿನ ಸುತ್ತು ದೊಡ್ಡದು, ಅದಕ್ಕೆ ಎಂಟನೇ ಲೇನಿನವರು ಒಂದನೆಯವರಿಗಿಂತ ಸುಮಾರು 53 ಮೀಟರ್ ಮುಂದೆ ನಿಲ್ಲುತ್ತಾರೆ ಅಂದೆ. ಕ್ಲಾಸಿನಲ್ಲಿ ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೆ! ಅವತ್ತು ಕಣ್ಣಾರೆ ನೋಡಿ ತಿಳಿದುಕೊಂಡರು.

ನನ್ನ ಮನಸ್ಸಿನಲ್ಲಿ ಉಳಿದದ್ದು ಒಂಬತ್ತನೇ ಕ್ಲಾಸಿನ ಹುಡುಗಿ. ಅವಳು ಲಾಂಗ್‌ಜಂಪ್‌ನ ಒಬ್ಬ ಅಕ್ಕನನ್ನು ಆರಿಸಿಕೊಂಡಿದ್ದಳು. ಆ ಅಕ್ಕ ಮೊದಲೆರಡು ಜಿಗಿತ ಫೌಲ್ ಮಾಡಿದಳು. ಜಿಗಿಯುವ ಹಲಗೆ ಬರೀ 20 ಸೆಂಟಿಮೀಟರ್ ಅಗಲ, ಕಾಲು ಅದನ್ನು ಸ್ವಲ್ಪ ದಾಟಿದರೂ ಫೌಲ್. ಮೂರು ಜಿಗಿತದ ನಂತರ ಮುಂದಿರುವ ಎಂಟು ಜನರಿಗೆ ಮಾತ್ರ ಇನ್ನೂ ಮೂರು ಅವಕಾಶ. ನಮ್ಮ ಹುಡುಗಿ ಉಸಿರು ಬಿಗಿಹಿಡಿದು ಕೂತಿದ್ದಳು. ಆ ಅಕ್ಕ ಅಳಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. ಎಲ್ಲಿಂದ ಓಟ ಶುರು ಮಾಡಬೇಕು ಅನ್ನುವ ಗುರುತಿಗೆ ಅಂತ ಪಕ್ಕದಲ್ಲಿ ತನ್ನ ಚಪ್ಪಲಿ ಇಟ್ಟಿದ್ದಳು. ಹೋಗಿ ಅದನ್ನು ಒಂದು ಅಡಿಯಷ್ಟು ಹಿಂದಕ್ಕೆ ಸರಿಸಿದಳು. ಮೂರನೇ ಜಿಗಿತ ಸರಿಯಾಯಿತು. ಪದಕ ಬರಲಿಲ್ಲ.

ಸಂಜೆ ನಾನೇ ಹೋಗಿ ಆ ಅಕ್ಕನನ್ನು ಮಾತಾಡಿಸಿದೆ. ಇಂಥ ಹತ್ತು ನಿಮಿಷದ ಮಾತು ತಪ್ಪಿಸಬೇಡಿ ಅಂತ ಬೇರೆ ಶಿಕ್ಷಕರಿಗೂ ಹೇಳುತ್ತೇನೆ. ಅವಳೂ ಹಳ್ಳಿಯವಳೇ, ಹೊಲದ ಬದುವಿನ ಮೇಲೆ ಓಡಿ ಕಲಿತವಳು. ನಮ್ಮ ಹುಡುಗಿ ಒಂದೇ ಪ್ರಶ್ನೆ ಕೇಳಿದಳು: "ಅಕ್ಕಾ, ಚಪ್ಪಲಿ ಎಷ್ಟು ಹಿಂದ ಇಡಬೇಕಂತ ಹೆಂಗ ಗೊತ್ತಾತು?"

ಸೋಮವಾರ ಬೆಳಿಗ್ಗೆ ನಾನು ಮೈದಾನಕ್ಕೆ ಬರುವಷ್ಟರಲ್ಲಿ ಅವಳು ಮರಳಿನ ಗುಂಡಿಯಿಂದ ಹಿಂದಕ್ಕೆ ಪಾದಕ್ಕೆ ಪಾದ ಹಚ್ಚಿ ಅಳೆಯುತ್ತಿದ್ದಳು. ಕೈಯಲ್ಲಿ ಒಂದು ಚಪ್ಪಲಿ ಇತ್ತು.