"ಕಕ್ಕಸು ಉಂಟಾ" ಅಂತ ಕೇಳುವುದನ್ನು ಬಿಟ್ಟೆ, ಆಮೇಲೆ ಲೆಕ್ಕ ಸಿಕ್ಕಿತು

ಕಕ್ಕಸಿಗೆ ಹೋಗುವಾಗ ಜನರ ಮನಸ್ಸಿಗೆ ಏನಾಗುತ್ತದೆ ಅಂತ ತಿಳಿಯಲಿಕ್ಕೆ ಮಂಗಳೂರಿನ ಬೆಂಗ್ರೆ ಕಡೆ ನಾನು ಮೊದಲ ಸಲ ಸರ್ವೆ ಮಾಡಿದ್ದು ಏಪ್ರಿಲ್‌ನಲ್ಲಿ. ಸುಮಾರು 60 ಮನೆ. ಎಲ್ಲರದ್ದೂ ಒಂದೇ ಉತ್ತರ, "ಕಕ್ಕಸು ಉಂಟು, ಒಳ್ಳೆದುಂಟು." ಜೆರಾಕ್ಸ್, ದೋಣಿ, ಜೊತೆಗೆ ಬಂದ ಇಬ್ಬರ ಊಟ ಅಂತ 4,000ದ ಹತ್ತಿರ ಕೈಯಿಂದ ಹೋಯಿತು, ಸಿಕ್ಕಿದ್ದು ಏನೂ ಇಲ್ಲ. "ಮನಸ್ಸಿಗೆ ಆಗುವುದನ್ನೆಲ್ಲ ಅಳೆಯಲಿಕ್ಕೆ ಆಗ್ತದಾ" ಅಂದರು ಜೊತೆಯವರೇ. ಆಗುತ್ತದೆ. ಮಾಡಿ ತೋರಿಸಿದ್ದೇನೆ.

ಮೊಜಾಂಬಿಕ್‌ನ ಮಪುಟೊದಲ್ಲಿ ರೂಪಿಸಿದ ಸ್ಯಾನ್‌ಕ್ವಾಲ್ ಅಂತ ಪ್ರಶ್ನೆಗಳುಂಟು, ಕಕ್ಕಸಿನಿಂದ ಬದುಕು ಎಷ್ಟು ನೆಮ್ಮದಿಯಾಗಿದೆ ಅಂತ ಅಳೆಯುವಂಥವು. ಕೇಳುವುದು ಐದು ವಿಷಯ: ಹೇಸಿಗೆ, ಕಾಯಿಲೆಯ ಚಿಂತೆ, ಮರೆ, ನಾಚಿಕೆ, ಭಯ. ಮರುವರ್ಷ ಅದನ್ನೇ ಹಿಡಿದುಕೊಂಡು ಹೋದೆ. "ಅಸುರಕ್ಷಿತ ಭಾವನೆ ಬರುತ್ತದೆಯೇ" ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಿದ್ದರು. ತುಳುವಿನಲ್ಲಿ "ಪೋಡಿಗೆ ಆಪುಂಡಾ" (ಹೆದರಿಕೆ ಆಗ್ತದಾ) ಅಂದದ್ದೇ ತಡ, ಮಾತು ನಿಲ್ಲಲೇ ಇಲ್ಲ.

ಇನ್ನೊಂದು ತಪ್ಪು, ಬೇಸಿಗೆಯಲ್ಲಿ ಮಾತ್ರ ಕೇಳಿದ್ದು. ಬೆಂಗ್ರೆಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಬರೀ ಹೊಯಿಗೆ. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೆ ಬಂದು ಕಕ್ಕಸಿನ ಗುಂಡಿ ತುಂಬಿತೆಂದರೆ ಎಷ್ಟು ಹೊಯ್ದರೂ ಇಳಿಯುವುದಿಲ್ಲ. ಮಾರ್ಚ್‌ನಲ್ಲಿ ಮನೆಗಳ ಸರಾಸರಿ ಅಂಕ 10ಕ್ಕೆ 8ರ ಹತ್ತಿರ ಇತ್ತು (ಅಂಕ ಜಾಸ್ತಿ ಇದ್ದಷ್ಟು ತೊಂದರೆ ಕಡಿಮೆ). ಅದೇ ಮನೆಗಳಿಗೆ ಜುಲೈಯಲ್ಲಿ ಹೋದರೆ ನಾಲ್ಕೂವರೆ. ಅದೇ ಕಕ್ಕಸು, ಅದೇ ಜನ. ಚಾವಡಿಯಲ್ಲಿ ಕೂತಿದ್ದ ಒಬ್ಬರು ಅಜ್ಜಿ ನನ್ನ ಕೈ ಹಿಡಿದು ಹೇಳಿದರು, "ಮಳೆ ಸುರುವಾದ ಮೇಲೆ ಸಂಜೆಯಿಂದ ನಾನು ನೀರೇ ಕುಡಿಯುವುದಿಲ್ಲ ಮಗಾ. ಗಂಜಿ ತೆಳಿಯೂ ಬೇಡ." ಇದೆ, ಇಲ್ಲ ಅಂತ ಗುರುತು ಹಾಕುವ ಫಾರ್ಮಿನಲ್ಲಿ ಈ ಮಾತಿಗೆ ಜಾಗ ಎಲ್ಲಿದೆ?

ಆಮೇಲೆ ಇನ್ನೊಂದು ಪ್ರಯೋಗ. ಏಳು ಮನೆಗೆ ಒಳಗಿಂದ ಹಾಕುವ ಚಿಲಕ, ಒಂದು ಬಲ್ಬು, ಮನೆಗೆ 250 ರೂಪಾಯಿ ಬಿದ್ದಿರಬೇಕು, ನನ್ನದೇ ಖರ್ಚು. ತಿಂಗಳು ಬಿಟ್ಟು ಕೇಳಿದರೆ ಮರೆ, ಭಯ ಎರಡರಲ್ಲೂ ಅಂಕ ಏರಿತ್ತು. ಹೇಸಿಗೆ ಇದ್ದಲ್ಲೇ ಇತ್ತು, ಗುಂಡಿ ಸರಿಯಾಗದೆ ಅದು ಹೋಗುವುದಿಲ್ಲ ಅಲ್ವಾ. ಏರಬೇಕಾದದ್ದು ಮಾತ್ರ ಏರಿದ್ದು ನೋಡಿ ಅಳತೆ ಸರಿಯಿದೆ ಅಂತ ನನಗೆ ಧೈರ್ಯ ಬಂತು.

ಅತ್ತೆ ಎದುರಿಗಿದ್ದರೆ ಸೊಸೆ ಬಾಯಿ ಬಿಡುವುದಿಲ್ಲ. ಅದಕ್ಕೆ ನನ್ನದೊಂದು ಉಪಾಯ ಉಂಟು, ಇಲ್ಲಿ ಬರೆಯುವುದಿಲ್ಲ.

ಈ ಸಲವೂ ಜುಲೈಯಲ್ಲೇ ಹೋಗುತ್ತೇನೆ. ಬರುವವರು ಫಾರ್ಮಿಗೆ ಪ್ಲಾಸ್ಟಿಕ್ ಕವರ್ ತನ್ನಿ. ಪೆನ್ನು ಬೇಡ, ಪೆನ್ಸಿಲ್ ಇರಲಿ. ಕಳೆದ ಸಲ ದೋಣಿಯಲ್ಲಿ ಮಳೆ ಹೊಡೆದು ಹನ್ನೊಂದು ಮನೆಯ ಉತ್ತರ ಶಾಯಿಯ ಜೊತೆ ಹೋಯಿತು.