ಕನ್ನಡಕದ ಅಂಗಡಿಯಲ್ಲಿ ಫ್ರೇಮಿನ ಲೆಕ್ಕ: ಸೈಜಿನಿಂದ ಶುರು ಮಾಡಿ

ಸಾಗರದಲ್ಲಿ ನಾನು ಕಣ್ಣು ಪರೀಕ್ಷೆ ಮಾಡಿ, ಅಲ್ಲೇ ಕನ್ನಡಕವನ್ನೂ ಮಾಡಿಕೊಡುತ್ತೇನೆ. ಹನ್ನೆರಡು ವರ್ಷವಾಯಿತು. ಶುರುವಿನಲ್ಲಿ ಗೋಡೆ ತುಂಬ ಫ್ರೇಮು ಇದ್ದರೆ ಸಾಕು ಅಂದುಕೊಂಡಿದ್ದೆ. ಒಂದು ದಿನ ಐದನೇ ಕ್ಲಾಸಿನ ಹುಡುಗನೊಬ್ಬ ಬಂದ. ಮೈನಸ್ ಐದು ಪವರ್. ನನ್ನ ಹತ್ತಿರ 600 ಫ್ರೇಮು ಇದ್ದವು, ಅವನ ಮುಖಕ್ಕೆ ಆಗುವ 46ರ ಸೈಜು (ಅಂದರೆ ಗಾಜಿನ ಅಗಲ 46 ಮಿ.ಮೀ.) ಒಂದೂ ಇರಲಿಲ್ಲ. 50ರದ್ದನ್ನೇ ಕೊಟ್ಟೆ. ತಿಂಗಳೊಳಗೆ ಅವನ ಅಮ್ಮ ವಾಪಸ್ ಕರೆದುಕೊಂಡು ಬಂದರು. ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅಗಲ ಜಾಸ್ತಿಯಾಗಿದ್ದರಿಂದ ಲೆನ್ಸಿನ ಅಂಚು ದಪ್ಪವಾಗಿತ್ತು. ಆ ತಪ್ಪು ನನ್ನ ಸ್ಟಾಕಿನದು, ಮಗುವಿನದಲ್ಲ.

ಹಾಗಾಗಿ ಮೊದಲ ಕೆಲಸ ಇದು. ಒಂದು ಭಾನುವಾರ ಬಾಗಿಲು ಹಾಕಿಕೊಂಡು ಎಲ್ಲ ಫ್ರೇಮನ್ನೂ ಬಟ್ಟೆ ಹಾಸಿ ಹರಡಿ. ಕಡ್ಡಿಯ ಒಳಬದಿಯಲ್ಲಿ 52-18-140 ಅಂತ ಇರುತ್ತದಲ್ಲ, ಅದನ್ನು ನೋಡಿ. 52 ಮಿ.ಮೀ. ಗಾಜಿನ ಅಗಲ, 18 ಎರಡು ಗಾಜಿನ ನಡುವಿನ ಅಂತರ, 140 ಕಡ್ಡಿಯ ಉದ್ದ. ಬಣ್ಣ, ಕಂಪನಿ ಯಾವುದನ್ನೂ ಲೆಕ್ಕಕ್ಕೆ ತಗೊಳ್ಳದೆ ಗಾಜಿನ ಅಗಲದ ಮೇಲೆ ನಾಲ್ಕು ಗುಂಪು ಮಾಡಿ: 48ರವರೆಗೆ, 49ರಿಂದ 51, 52ರಿಂದ 54, ಅದಕ್ಕಿಂತ ದೊಡ್ಡದು. ಪಕ್ಕದಲ್ಲಿ ಕಳೆದ ಮೂರು ತಿಂಗಳ ಬಿಲ್ಲು ಇಟ್ಟುಕೊಂಡು, ಯಾವ ಗುಂಪಿನಿಂದ ಎಷ್ಟು ಹೋಗಿದೆ ಎಂದು ಬರೆಯಿರಿ. ನನ್ನ ಮಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ 52-54ರ ಗುಂಪಿನಲ್ಲೇ ಇತ್ತು. ಬಂದವರಲ್ಲಿ ಮಕ್ಕಳು ಮತ್ತು ಸಣ್ಣ ಮುಖದ ಹೆಂಗಸರೇ ಜಾಸ್ತಿ.

ಗಾಜಿನ ಎತ್ತರವನ್ನೂ ಸ್ಕೇಲ್ ಹಿಡಿದು ನೋಡಿ. ಚಾಳೀಸು ಬಂದವರು ಪ್ರೋಗ್ರೆಸಿವ್ (ದೂರಕ್ಕೂ ಓದಲಿಕ್ಕೂ ಒಂದೇ ಗಾಜು) ಕೇಳಿದರೆ, 28-30 ಮಿ.ಮೀ. ಎತ್ತರವಾದರೂ ಇರುವ ಫ್ರೇಮು ನಾನು ತೋರಿಸುತ್ತೇನೆ. ತೀರಾ ಕಿರಿದಾದರೆ ಓದುವ ಭಾಗ ಕತ್ತರಿಸಿ ಹೋಗುತ್ತದೆ.

ಇನ್ನು ಚೀಟಿ. ಪ್ರತಿ ಫ್ರೇಮಿನ ಕಡ್ಡಿಗೆ ದಾರದ ಚೀಟಿ ಕಟ್ಟಿ. ಶೆಲ್ (ದಪ್ಪ ಪ್ಲಾಸ್ಟಿಕ್) ಫ್ರೇಮಿನ ಮೇಲೆ ಅಂಟಿಸಬೇಡಿ, ಅಂಟಿನ ಕಲೆ ಉಳಿಯುತ್ತದೆ. ಚೀಟಿಯಲ್ಲಿ ಬಂದ ತಿಂಗಳು, ನಂಬರು, ಸೈಜು, ಬೆಲೆ ಇದ್ದರೆ ಸಾಕು. ಫ್ರೇಮು ಮಾರಿದ ಕೂಡಲೇ ಚೀಟಿ ಹರಿದು ಕೌಂಟರಿನ ಡಬ್ಬಿಗೆ ಹಾಕಿ. ರಾತ್ರಿ ಬಾಗಿಲು ಹಾಕುವ ಮುಂಚೆ ಆ ಚೀಟಿಗಳನ್ನು ನೋಡಿ ರಿಜಿಸ್ಟರಿನಲ್ಲಿ ಹೊಡೆದುಹಾಕಿ. ಹತ್ತು ನಿಮಿಷದ ಕೆಲಸ. ಕಂಪ್ಯೂಟರ್ ಇದ್ದರೆ ಒಳ್ಳೆಯದೇ, ಆದರೆ ಡಬ್ಬಿಯನ್ನು ಬಿಡಬೇಡಿ. ತಿಂಗಳಿಗೊಮ್ಮೆ ಒಂದೊಂದು ಸ್ಟ್ಯಾಂಡ್ ಎಣಿಸಿ ತಾಳೆ ನೋಡಿ.

ಚೀಟಿಯಲ್ಲಿ ತಿಂಗಳು ಬರೆಯುವುದು ಯಾಕೆ ಅಂದರೆ, ಹಳತಾಗಿದ್ದು ಕಣ್ಣಿಗೆ ಬೀಳಲಿ ಅಂತ. ಆರು ತಿಂಗಳಾದ ಫ್ರೇಮನ್ನು ಕಣ್ಣಿನ ಮಟ್ಟದ ಸಾಲಿಗೆ ತರುತ್ತೇನೆ. ಒಂಬತ್ತಕ್ಕೆ ಹೋಲ್‌ಸೇಲಿನವರ ಹತ್ತಿರ ಬದಲಿ ಕೇಳುತ್ತೇನೆ. ವರ್ಷ ದಾಟಿದರೆ ಕೊಂಡ ಬೆಲೆಗೇ ಕೊಟ್ಟುಬಿಡುತ್ತೇನೆ. ಬದಲಿ ಕೊಡುತ್ತಾರೋ ಇಲ್ಲವೋ ಎಂಬುದನ್ನು ಮಾಲು ಇಳಿಸುವ ಮುಂಚೆಯೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಬ್ಬ ಸೇಲ್ಸ್‌ಮನ್ ಬಾಯಿಮಾತಿನಲ್ಲಿ ಒಪ್ಪಿ 80 ಫ್ರೇಮು ಇಳಿಸಿ ಹೋದವರು ಮತ್ತೆ ಈ ಕಡೆ ಬರಲೇ ಇಲ್ಲ.

ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ. ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟ ಮೆಟಲ್ ಫ್ರೇಮಿನ ಸ್ಕ್ರೂ ತುಕ್ಕು ಹಿಡಿಯುತ್ತದೆ, ಮೂಗಿನ ಪ್ಯಾಡಿನ ಬುಡದಲ್ಲಿ ಹಸಿರು ಕಿಲುಬು ಕೂರುತ್ತದೆ. ಶೆಲ್ ಫ್ರೇಮಿನ ಮೇಲೆ ಬಿಳಿ ಪುಡಿ ಬಂದಂತಾಗುತ್ತದೆ. ಮಳೆಗೆ ಮುಂಚೆ ಕವರು ತೆಗೆದು, ಡ್ರಾಯರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಹದಿನೈದು ದಿನಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ಹಳದಿಯಾದ ಪ್ಯಾಡು ಬದಲಿಸಿ. ಅದಕ್ಕೆ ತಗಲುವ ಖರ್ಚು ತೀರಾ ಕಡಿಮೆ, ಆದರೆ ಆ ಫ್ರೇಮನ್ನು ಜನ ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬಿಸಿಲು ನೇರ ಬೀಳುವ ಕಿಟಕಿಯಲ್ಲಿ ಶೆಲ್ ಫ್ರೇಮು ಇಡಬೇಡಿ, ಸೊಟ್ಟಗಾಗುತ್ತವೆ.

ತಂಪು ಕನ್ನಡಕವನ್ನು ಬೇರೆ ರಿಜಿಸ್ಟರಿನಲ್ಲಿಡಿ. 2025ರ ಸೆಪ್ಟೆಂಬರ್ 22ರಿಂದ ಫ್ರೇಮಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ತಂಪು ಕನ್ನಡಕದ್ದು ಶೇ. 18 ಇದೆ.

ಕೊನೆಯದಾಗಿ ಒಂದು ಸಣ್ಣ ನೋಟ್‌ಬುಕ್. ಕೇಳಿದರೂ ನಮ್ಮಲ್ಲಿ ಇಲ್ಲದೇ ಹೋದದ್ದನ್ನು ಮಾತ್ರ ಅದರಲ್ಲಿ ಬರೆಯಿರಿ. ಬೆಂಗಳೂರಿಗೆ ಮಾಲು ತರಲು ಹೋಗುವಾಗ ನಾನು ಕೈಯಲ್ಲಿ ಹಿಡಿಯುವುದು ಇದೊಂದನ್ನೇ. ಮೇ ತಿಂಗಳಲ್ಲಿ, ಶಾಲೆ ಶುರುವಾಗುವ ಮುಂಚೆ, 44ರಿಂದ 48ರ ಸೈಜಿನ ಟಿಆರ್ (ಹಗುರವಾದ, ಬಗ್ಗುವ ಪ್ಲಾಸ್ಟಿಕ್) ಫ್ರೇಮು ಅಂತ ಏಳು ಸಲ ಬರೆದಿದ್ದೆ. ಎರಡು ಡಜನ್ ತಂದೆ. ಜುಲೈ ಹೊತ್ತಿಗೆ ಅದರಲ್ಲಿ ಮೂರು ಉಳಿದಿದ್ದವು.