ಟೊಮೆಟೊ ದುಡ್ಡು, ಡೇರಿ ಬಟವಾಡೆ, ತೆರಿಗೆ ನೋಟಿಸು: ಕೋಲಾರ–ಚಿಕ್ಕಬಳ್ಳಾಪುರದವರು ಉತ್ತರ ಕೊಡುವ ಬಗೆ

ಬ್ಯಾಂಕಿಗೆ ಕಟ್ಟಿದ ನಗದಿನ ಬಗ್ಗೆ ಆದಾಯ ತೆರಿಗೆ ಇಲಾಖೆ ಕೇಳಿದರೆ ನಮ್ಮ ಕಡೆ ಥಟ್ಟನೆ ಬರುವ ಮಾತು ಒಂದೇ: ‘ಅದು ವ್ಯವಸಾಯದ ದುಡ್ಡು, ಅದಕ್ಕೆಲ್ಲಿ ಟ್ಯಾಕ್ಸು?’ ಮಾತು ಅರ್ಧ ನಿಜ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಆದರೆ ಬಂದ ದುಡ್ಡು ಕೃಷಿಯದ್ದೇ ಎಂದು ತೋರಿಸುವ ಹೊರೆ ನಿಮ್ಮ ಮೇಲಿದೆ, ಮತ್ತು ಹೊಲದ ಸುತ್ತಮುತ್ತ ಹುಟ್ಟುವ ದುಡ್ಡೆಲ್ಲ ಕಾನೂನಿನ ಕಣ್ಣಿಗೆ ಕೃಷಿಯಲ್ಲ. ಬಹಳಷ್ಟು ಮಂದಿ ಎಡವುವುದು ಈ ಎರಡು ಕಡೆ.

ನೋಟಿಸು ಅಸಲಿಯೇ, ಯಾವ ಸೆಕ್ಷನ್ನಿನದು?

2019ರ ಅಕ್ಟೋಬರ್ 1ರಿಂದ ಇಲಾಖೆ ಕಳಿಸುವ ಪತ್ರಗಳ ಮೇಲೆ ಡಿಐಎನ್ ಎಂಬ ಸಂಖ್ಯೆ ಇರಬೇಕು. ಇ-ಫೈಲಿಂಗ್ ಪೋರ್ಟಲ್ಲಿನ ಮುಖಪುಟದಲ್ಲಿ ‘ಅಥೆಂಟಿಕೇಟ್ ನೋಟಿಸ್’ ಎಂಬ ಕೊಂಡಿ ಇದೆ. ಲಾಗಿನ್ ಆಗದೆಯೇ ಅಲ್ಲಿ ಆ ಸಂಖ್ಯೆ ಹಾಕಿ ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಪೋರ್ಟಲ್ಲಿಗೆ ನೀವೇ ಹೋಗಿ ‘ಪೆಂಡಿಂಗ್ ಆ್ಯಕ್ಷನ್ಸ್’ ಕೆಳಗೆ ನೋಡಿ. ಪ್ಯಾನ್‌ಗೆ ಕೊಟ್ಟ ಮೊಬೈಲು, ಇ-ಮೇಲು ಹಳೆಯ ಆಡಿಟರದ್ದೋ ಸೈಬರ್ ಸೆಂಟರಿನವರದ್ದೋ ಆಗಿದ್ದರೆ ಇವತ್ತೇ ಬದಲಿಸಿ. ನೋಟಿಸು ಬಂದದ್ದೇ ಗೊತ್ತಾಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರ ಕತೆ ಇದೇ.

ಆಮೇಲೆ ಸೆಕ್ಷನ್ ನಂಬರ್ ಹುಡುಕಿ. 143(1) ಎಂದಿದ್ದರೆ ಗಾಬರಿ ಬೇಡ. ಅದು ಬೆಂಗಳೂರಿನಲ್ಲಿರುವ ಸಿಪಿಸಿ ಎಂಬ ರಿಟರ್ನ್ ಸಂಸ್ಕರಣಾ ಕೇಂದ್ರದ ಕಂಪ್ಯೂಟರು ನಿಮ್ಮ ರಿಟರ್ನ್ ತಾಳೆ ನೋಡಿ ಕಳಿಸುವ ಲೆಕ್ಕ. 143(1)(ಎ) ಅಡಿ ‘ಹೀಗೆ ಬದಲಿಸುತ್ತೇವೆ’ ಎಂದು ಕೇಳಿದ್ದರೆ ಉತ್ತರಕ್ಕೆ 30 ದಿನ. 142(1) ಎಂದರೆ ರಿಟರ್ನ್ ಅಥವಾ ಮಾಹಿತಿ ಕೊಡಿ ಎಂದು. 143(2) ಎಂದರೆ ನಿಮ್ಮ ಫೈಲು ತಪಾಸಣೆಗೆ ಆಯ್ಕೆಯಾಗಿದೆ ಎಂದು. 148ಎ ಎಂದರೆ ಮುಗಿದುಹೋದ ವರ್ಷವನ್ನು ಮತ್ತೆ ತೆರೆಯುವ ಮೊದಲು ಕಾರಣ ಕೇಳುತ್ತಿದ್ದಾರೆ ಎಂದು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದರೂ ಅದಕ್ಕೆ ಹಿಂದಿನ ವರ್ಷಗಳ ತಕರಾರು 1961ರ ಕಾಯ್ದೆಯಡಿಯೇ ನಡೆಯುತ್ತದೆ. ಈ ನಂಬರುಗಳೆಲ್ಲ ಆ ಕಾಯ್ದೆಯವು.

ಯಾವುದು ಕೃಷಿ, ಯಾವುದು ಅಲ್ಲ

ಟೊಮೆಟೊ, ರಾಗಿ, ಮಾವು, ದ್ರಾಕ್ಷಿ, ಸೇವಂತಿಗೆ: ನಿಮ್ಮ ಜಮೀನಿನಲ್ಲೋ ಗುತ್ತಿಗೆ ಜಮೀನಿನಲ್ಲೋ ನೀವೇ ಬೆಳೆದು ಮಾರಿದ್ದರೆ ಅದು ಕೃಷಿ ಆದಾಯ. ಬೇರೆಯವರ ತೋಟದ ಫಸಲನ್ನು ಮರದ ಮೇಲೆಯೇ ಚೇಣಿಗೆ ಕೊಂಡು ಮಾರಿದರೆ ಅದು ವ್ಯಾಪಾರ.

ಹಾಲು ಕೃಷಿ ಆದಾಯವಲ್ಲ. ಮೇವು ನಿಮ್ಮ ಹೊಲದ್ದೇ ಆದರೂ ಡೇರಿಯ ಬಟವಾಡೆ ವ್ಯವಹಾರದ ಆದಾಯವೇ. ಕೋಳಿ ಫಾರಂ ಕೂಡ ಹಾಗೆಯೇ. ರೇಷ್ಮೆಯಲ್ಲಿ ಇನ್ನೂ ಸೂಕ್ಷ್ಮ: ಹಿಪ್ಪುನೇರಳೆ ಸೊಪ್ಪು ಬೆಳೆದು ಮಾರಿದರೆ ಕೃಷಿ, ಅದೇ ಸೊಪ್ಪನ್ನು ಹುಳಕ್ಕೆ ಹಾಕಿ ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಗೂಡು ಮಾರಿದರೆ ಆ ಹಣ ಕೃಷಿಯದ್ದಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪೇ ಇದೆ. ಕೇಳಿದರೆ ಯಾವ ರೈತರಿಗೂ ಹಿಡಿಸದ ಮಾತು. ಆದರೆ ತಪಾಸಣೆಯಲ್ಲಿ ನಿಲ್ಲುವುದು ತೀರ್ಪು.

ಹಾಗೆಂದು ಹಾಲಿನ ಪೂರ್ತಿ ಹಣಕ್ಕೆ ತೆರಿಗೆ ಬೀಳುವುದಿಲ್ಲ. 44ಎಡಿ ಸೆಕ್ಷನ್ನಿನಲ್ಲಿ ವಹಿವಾಟು 2 ಕೋಟಿ ರೂಪಾಯಿಯೊಳಗೆ ಇದ್ದರೆ, ಬ್ಯಾಂಕ್ ಮೂಲಕ ಬಂದದ್ದಕ್ಕೆ 6%, ನಗದಾಗಿ ಬಂದದ್ದಕ್ಕೆ 8% ಲಾಭವೆಂದು ತೋರಿಸಿ ಮುಗಿಸಬಹುದು. ವರ್ಷಕ್ಕೆ 8 ಲಕ್ಷದ ಬಟವಾಡೆ ಖಾತೆಗೆ ಬಂದಿದ್ದರೆ ಆದಾಯ 48,000 ರೂಪಾಯಿ. ಇಷ್ಟು ಸಣ್ಣ ಮೊತ್ತವನ್ನು ‘ಕೃಷಿ’ ಎಂದು ಬರೆದು ತಕರಾರು ಎಳೆದುಕೊಳ್ಳುವುದು ದಡ್ಡತನ. ಒಂದು ಎಚ್ಚರಿಕೆ: ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1, ಐಟಿಆರ್-4 ಎಂಬ ರಿಟರ್ನ್ ಫಾರಂಗಳೆರಡೂ ನಡೆಯುವುದಿಲ್ಲ. ವ್ಯವಹಾರವಿದ್ದರೆ ಐಟಿಆರ್-3, ಇಲ್ಲದಿದ್ದರೆ ಐಟಿಆರ್-2. ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿನ ವಿಸ್ತೀರ್ಣ, ಜಿಲ್ಲೆ, ಪಿನ್‌ಕೋಡ್, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ತುಂಬಬೇಕು.

ಸಂಬಳವೂ ಹೊಲವೂ ಇರುವವರಿಗೆ ಇನ್ನೊಂದು ಲೆಕ್ಕ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯಕ್ಕೆ ಬೀಳುವ ದರವನ್ನು ಅದು ಏರಿಸುತ್ತದೆ. 2025-26ರ ಹೊಸ ಪದ್ಧತಿಯಲ್ಲಿ ಕಡಿತಗಳೆಲ್ಲ ಹೋಗಿ ಸಂಬಳ 9 ಲಕ್ಷ, ಕೃಷಿ 6 ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು 15 ಲಕ್ಷದ ಮೇಲೆ ತೆರಿಗೆ 1,05,000. ಕೃಷಿಯ 6 ಲಕ್ಷಕ್ಕೆ ವಿನಾಯಿತಿ ಮಿತಿಯ 4 ಲಕ್ಷ ಸೇರಿಸಿದ 10 ಲಕ್ಷದ ಮೇಲೆ 40,000. ಇದನ್ನು ಅದರಿಂದ ಕಳೆದರೆ 65,000. ಅದರಲ್ಲಿ 87ಎ ರಿಯಾಯಿತಿ 60,000 ಹೋಗಿ 5,000, ಸೆಸ್ ಸೇರಿ 5,200 ರೂಪಾಯಿ. ‘12 ಲಕ್ಷದವರೆಗೆ ಸೊನ್ನೆ’ ಎಂದು ಕೂತವರಿಗೆ ಸಣ್ಣ ಬಾಕಿ ಬರುವುದು ಹೀಗೂ ಇರಬಹುದು.

ನಗದಿಗೆ ಲೆಕ್ಕ ಕೊಡುವುದು

ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಇಲಾಖೆಗೆ ತಿಳಿಸುತ್ತದೆ. 30 ಲಕ್ಷ ಅಥವಾ ಮೇಲ್ಪಟ್ಟ ಸ್ಥಿರಾಸ್ತಿ ವ್ಯವಹಾರವನ್ನು ನೋಂದಣಿ ಕಚೇರಿ ತಿಳಿಸುತ್ತದೆ. ಇವೆಲ್ಲ ಪೋರ್ಟಲ್ಲಿನ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನಿಮಗೂ ಕಾಣುತ್ತವೆ. ಉತ್ತರ ಬರೆಯುವ ಮೊದಲು ಅದನ್ನು ತೆರೆಯಿರಿ. ಇಲಾಖೆಯ ಕೈಯಲ್ಲಿ ಏನಿದೆ ಎಂದು ತಿಳಿಯದೆ ಬರೆದ ಉತ್ತರ ನಿಮಗೇ ತಿರುಗಿಬೀಳುತ್ತದೆ.

ಪಹಣಿಯೊಂದನ್ನೇ ಲಗತ್ತಿಸಿ ಕೈತೊಳೆದುಕೊಳ್ಳಬೇಡಿ. ಪಹಣಿ ಹೇಳುವುದು ಜಮೀನು ಯಾರದು, ಬೆಳೆ ಯಾವುದು ಎಂದಷ್ಟೆ. ಬೆಳೆ ಕಾಲಂನಲ್ಲಿ ರಾಗಿ ಎಂದಿದ್ದು ನೀವು ಟೊಮೆಟೊ ಎಂದರೆ ಮೊದಲ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಆದ್ದರಿಂದ ಬೆಳೆ ಸಮೀಕ್ಷೆಯ ಹೊತ್ತಿಗೇ ನಮೂದು ಸರಿ ಮಾಡಿಸಿಕೊಳ್ಳುವುದು ಜಾಣತನ. ಎಪಿಎಂಸಿ ಮಂಡಿಯ ಬಿಲ್ಲುಗಳು ಎರಡನೆಯ ಆಧಾರ. ಬಿಳಿ ಚೀಟಿಗೆ ತಪಾಸಣೆಯಲ್ಲಿ ಬೆಲೆ ಇಲ್ಲವೆನ್ನುವಷ್ಟು ಕಡಿಮೆ. ಮಂಡಿಯ ಹೆಸರು, ತಾರೀಕು, ಬಾಕ್ಸಿನ ಲೆಕ್ಕ, ದರ, ಕಮಿಷನ್ ಇರುವ ಮುದ್ರಿತ ಬಿಲ್ಲನ್ನೇ ಕೇಳಿ. ಖರ್ಚಿನ ಕಡೆಗೆ ಸಸಿ, ಗೊಬ್ಬರ, ಔಷಧಿ ಬಿಲ್ಲು, ಲಾರಿ ಬಾಡಿಗೆ ಚೀಟಿ ಇಡಿ. ಖರ್ಚೇ ಇಲ್ಲದ ಬೆಳೆಯನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ. ಒಂದೆಕರೆಗೆ ಎಷ್ಟು ಬಾಕ್ಸ್ ಬರಬಹುದು ಎಂದು ನೀವೇ ಮೊದಲು ಲೆಕ್ಕ ಹಾಕಿ. 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ ನಿಮ್ಮ ಜಮೀನಿಗೆ ಮೀರಿದ ಇಳುವರಿ ಬರೆದರೆ ಇಡೀ ಉತ್ತರವೇ ಕೆಟ್ಟಿತು.

ಮೂರನೆಯದು ನಗದಿನ ಪಟ್ಟಿ. ಒಂದು ಹಾಳೆಯಲ್ಲಿ ತಾರೀಕು, ಬಂದದ್ದು, ತೆಗೆದದ್ದು, ಕಟ್ಟಿದ್ದು, ಕೈಯಲ್ಲಿ ಉಳಿದದ್ದು ಎಂದು ಐದು ಕಾಲಂ ಎಳೆಯಿರಿ. ಬೆಳೆಸಾಲದ ಹಣ ತೆಗೆದು, ಖರ್ಚಾಗದೆ ಉಳಿದದ್ದನ್ನು ಮತ್ತೆ ಕಟ್ಟಿದ್ದೂ ಮೂಲವೇ, ಅದನ್ನೂ ತೋರಿಸಿ. ಕೈಯಲ್ಲಿ ಉಳಿದದ್ದು ಯಾವ ದಿನವೂ ಸೊನ್ನೆಗಿಂತ ಕೆಳಗೆ ಹೋಗಬಾರದು; ಹೋದರೆ ಎಲ್ಲೋ ಒಂದು ಬಾಬತ್ತು ಬಿಟ್ಟುಹೋಗಿದೆ.

ಮೂಲ ಹೇಳಲಾಗದ ಹಣಕ್ಕೆ ಸೆಕ್ಷನ್ 69ಎ ಅಂಟಿದರೆ, 2024-25ರಂಥ ಹಿಂದಿನ ವರ್ಷಗಳಿಗೆ ದರ 60%, ಅದರ ಮೇಲೆ 25% ಸರ್‌ಚಾರ್ಜ್, 4% ಸೆಸ್, ಒಟ್ಟು 78%. ಸುಳ್ಳು ಬಿಲ್ಲು ಹುಟ್ಟಿಸಿಕೊಡುತ್ತೇವೆ ಎನ್ನುವವರಿಂದ ದೂರವಿರಿ. ಮಂಡಿಯವರ ಲೆಕ್ಕವನ್ನೂ ಇಲಾಖೆ ತರಿಸಿ ನೋಡಬಲ್ಲದು.

ಉತ್ತರ ಹಾಕುವಾಗ ಪೋರ್ಟಲ್ಲಿನಲ್ಲಿ ‘ಪಾರ್ಷಿಯಲ್’, ‘ಫುಲ್’ ಎಂಬ ಎರಡು ಆಯ್ಕೆ ಇರುತ್ತವೆ. ಇನ್ನೂ ಕಾಗದ ಬರಬೇಕಿದ್ದರೆ ಪಾರ್ಷಿಯಲ್ ಒತ್ತಿ. ಸಮಯ ಸಾಲದಿದ್ದರೆ ಗಡುವು ಮುಗಿಯುವ ಮೊದಲೇ ಅಲ್ಲೇ ಮುಂದೂಡಿಕೆ ಕೇಳಿ. ಡ್ರಾಫ್ಟ್ ಸೇವ್ ಮಾಡಿ ಸಬ್ಮಿಟ್ ಮರೆಯುವವರು ಕಡಿಮೆಯಿಲ್ಲ. ಸ್ವೀಕೃತಿ ಸಂಖ್ಯೆ ಬರುವವರೆಗೆ ಏಳಬೇಡಿ. 142(1)ಕ್ಕೆ ಸುಮ್ಮನಿದ್ದರೆ ಪ್ರತಿ ತಪ್ಪಿಗೆ 10,000 ರೂಪಾಯಿ ದಂಡ, ಜೊತೆಗೆ ಅಧಿಕಾರಿ ತನಗೆ ತಿಳಿದಂತೆ ಆದಾಯ ಕಟ್ಟಿ ಆದೇಶ ಮಾಡಬಹುದು.

ಜಮೀನು ಮಾರಿದವರು

ಹಳ್ಳಿಯ ಕೃಷಿ ಜಮೀನು ಮಾರಿದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ‘ಹಳ್ಳಿಯದ್ದು’ ಎನ್ನಲು ನಗರಸಭೆಯ ಗಡಿಯಿಂದ ದೂರ ಇರಬೇಕು: ಊರಿನ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದೊಳಗಿದ್ದರೆ 2 ಕಿ.ಮೀ., 1ರಿಂದ 10 ಲಕ್ಷದೊಳಗಿದ್ದರೆ 6 ಕಿ.ಮೀ., ಅದಕ್ಕೂ ಮೇಲಿದ್ದರೆ 8 ಕಿ.ಮೀ. 2011ರ ಜನಗಣತಿ ಹಿಡಿದರೆ ಚಿಕ್ಕಬಳ್ಳಾಪುರಕ್ಕೆ 2 ಕಿ.ಮೀ., ಕೋಲಾರಕ್ಕೂ ತುಮಕೂರಿಗೂ 6 ಕಿ.ಮೀ. ಅಳೆಯುವುದು ನೇರ ಗೆರೆಯಲ್ಲಿ, ಬಸ್ ಸ್ಟ್ಯಾಂಡಿನಿಂದಲ್ಲ, ಪುರಸಭೆ ಅಥವಾ ನಗರಸಭೆಯ ಗಡಿಯಿಂದ. ರಸ್ತೆಯಲ್ಲಿ 7 ಕಿ.ಮೀ. ಇದ್ದದ್ದು ನೇರ ಗೆರೆಯಲ್ಲಿ 5 ಆಗಿಬಿಡಬಹುದು. ಮಾರುವ ಮೊದಲೇ ಅಳೆಸಿ.

ವಿದೇಶದಲ್ಲಿದ್ದು ಬಂದವರು

ಇಲ್ಲಿ ನಿವಾಸಿಯೋ ಅಲ್ಲವೋ ಎಂಬುದು ಆಧಾರ್ ವಿಳಾಸದಿಂದ ನಿರ್ಧಾರವಾಗುವುದಿಲ್ಲ, ದಿನಗಳಿಂದ. ಏಪ್ರಿಲಿಂದ ಮಾರ್ಚಿಗೆ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದರೆ ನಿವಾಸಿ. 60 ದಿನ ಇದ್ದು ಹಿಂದಿನ 4 ವರ್ಷದಲ್ಲಿ 365 ದಿನ ಇದ್ದರೂ ನಿವಾಸಿಯೇ. ಕೆಲಸಕ್ಕೆಂದು ಹೊರಟ ವರ್ಷ ಆ 60ರ ಬದಲು 182 ಎಂದು ಓದಬೇಕು. ಊರಿಗೆ ಬಂದುಹೋಗುವ ಎನ್‌ಆರ್‌ಐಗಳಿಗೂ 182, ಆದರೆ ಇಲ್ಲಿನ ಆದಾಯ 15 ಲಕ್ಷ ದಾಟಿದ್ದರೆ 120. ಪಾಸ್‌ಪೋರ್ಟಿನ ಮುದ್ರೆಗಳ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿಡಿ. ಅನಿವಾಸಿಗಳಿಗೆ ಐಟಿಆರ್-1 ಇಲ್ಲ. ತಪ್ಪಾಗಿ ಅದರಲ್ಲೇ ಹಾಕಿದರೆ ವಿದೇಶದ ಸಂಬಳದ ಬಗ್ಗೆ ಪ್ರಶ್ನೆ ಬರುತ್ತದೆ.

ಬಾಕಿ ಬಿದ್ದಿದ್ದರೆ

ಸೆಕ್ಷನ್ 156ರ ಡಿಮ್ಯಾಂಡ್, ಅಂದರೆ ಬಾಕಿ ಕಟ್ಟಿ ಎಂಬ ನೋಟಿಸಿನ ಹಣ, ಕಟ್ಟಲು 30 ದಿನ. ಆಮೇಲೆ ತಿಂಗಳಿಗೆ, ತಿಂಗಳ ಭಾಗಕ್ಕೂ, 1% ಬಡ್ಡಿ: 60,000ಕ್ಕೆ 600. ಆದರೆ ‘ಡಿಮ್ಯಾಂಡ್ ಈಸ್ ಕರೆಕ್ಟ್’ ಎಂದು ಒತ್ತುವ ಮೊದಲು ನಿಲ್ಲಿ. ಒಮ್ಮೆ ಒಪ್ಪಿದರೆ ಪೋರ್ಟಲ್ಲಿನಲ್ಲಿ ಹಿಂದೆ ಸರಿಯಲಾಗದು. ನಿಮ್ಮ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆರೆದು ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಬಂದಿದೆಯೇ ನೋಡಿ. ಸಂಬಳದಲ್ಲಿ ಹಿಡಿದ ತೆರಿಗೆಯನ್ನು ಕಂಪನಿ ಕಟ್ಟದಿದ್ದರೆ ಸೆಕ್ಷನ್ 205ರ ಪ್ರಕಾರ ಅದನ್ನು ನಿಮ್ಮಿಂದ ಮತ್ತೆ ಕೇಳುವಂತಿಲ್ಲ. ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿ ಒಪ್ಪುವುದಿಲ್ಲ ಎಂದು ಬರೆಯಿರಿ. ಲೆಕ್ಕದ ತಪ್ಪಾಗಿದ್ದರೆ 154ರಡಿ ತಿದ್ದುಪಡಿ ಕೇಳಲು, ಆದೇಶವಾದ ಆರ್ಥಿಕ ವರ್ಷ ಮುಗಿದ ಮೇಲೆ 4 ವರ್ಷ ಕಾಲವಿದೆ. ಅಧಿಕಾರಿಯ ತೀರ್ಮಾನವೇ ತಪ್ಪೆನಿಸಿದರೆ ತಿದ್ದುಪಡಿಯಲ್ಲಿ ಕಾಲ ಕಳೆಯಬೇಡಿ, 30 ದಿನದೊಳಗೆ ಅಪೀಲು ಹಾಕಿ. ನಿರ್ಧರಿಸಿದ ಆದಾಯ 2 ಲಕ್ಷಕ್ಕೆ ಮೇಲಿದ್ದರೆ ಶುಲ್ಕ 1,000 ರೂಪಾಯಿ. ಅಪೀಲು ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲದು. ಸಾಮಾನ್ಯವಾಗಿ 20% ಕಟ್ಟಿ, ಉಳಿದದ್ದಕ್ಕೆ ತಡೆ ಕೇಳಿ ಬೇರೆ ಅರ್ಜಿ ಕೊಡಬೇಕು.

ಬಾಕಿ ನಿಜವೇ ಆಗಿ ಒಟ್ಟಿಗೆ ಕಟ್ಟಲಾಗದಿದ್ದರೆ 30 ದಿನ ಮುಗಿಯುವ ಮೊದಲೇ 220(3)ರಡಿ ಕಂತು ಕೇಳಿ. ಯಾವ ತಿಂಗಳು ಎಷ್ಟು, ಯಾವ ಫಸಲಿನ ದುಡ್ಡಲ್ಲಿ ಎಂದು ಬರೆದ ಅರ್ಜಿಗೆ ‘ಕಾಲಾವಕಾಶ ಕೊಡಿ’ ಎಂಬ ಒಂದು ಸಾಲಿಗಿಂತ ತೂಕ ಹೆಚ್ಚು. ಸುಮ್ಮನಿದ್ದರೆ 226(3)ರಡಿ ಬ್ಯಾಂಕ್ ಖಾತೆಗೇ ಕೈಹಾಕಬಹುದು.

ಚಲನ್‌ನಲ್ಲಿ ‘ಟ್ಯಾಕ್ಸ್ ಆನ್ ರೆಗ್ಯುಲರ್ ಅಸೆಸ್‌ಮೆಂಟ್’, ಅಂದರೆ ಸಂಕೇತ ಸಂಖ್ಯೆ 400, ಆರಿಸಬೇಕು. ಅಭ್ಯಾಸಬಲದಿಂದ ‘ಸೆಲ್ಫ್ ಅಸೆಸ್‌ಮೆಂಟ್’ನ 300 ಒತ್ತಿದರೆ ದುಡ್ಡು ಹೋಗಿರುತ್ತದೆ, ಬಾಕಿ ಹಾಗೇ ನಿಂತಿರುತ್ತದೆ. ಪೋರ್ಟಲ್ಲಿನ ಚಲನ್ ತಿದ್ದುಪಡಿಯಲ್ಲಿ ಈ ಸಂಕೇತ ಸಂಖ್ಯೆ ಬದಲಿಸಲು 30 ದಿನ, ಅಸೆಸ್‌ಮೆಂಟ್ ವರ್ಷ ಬದಲಿಸಲು 7 ದಿನ ಮಾತ್ರ. 2014-15ರ ಆಸುಪಾಸಿನ ಹಳೆಯ ಚಿಲ್ಲರೆ ಬಾಕಿ ತೋರಿಸುತ್ತಿದ್ದರೆ ಕಟ್ಟುವ ಮೊದಲು ಇನ್ನೊಮ್ಮೆ ನೋಡಿ: 2009-10ರ ಆರ್ಥಿಕ ವರ್ಷದವರೆಗಿನ 25,000ದೊಳಗಿನ, 2010-11ರಿಂದ 2014-15ರವರೆಗಿನ 10,000ದೊಳಗಿನ ಬಾಕಿಗಳನ್ನು ಒಬ್ಬರಿಗೆ ಒಟ್ಟು 1 ಲಕ್ಷದ ಮಿತಿಯಲ್ಲಿ ಇಲಾಖೆ 2024ರಲ್ಲಿ ಕೈಬಿಟ್ಟಿದೆ.